ಯಜಮಾನಿಕೆ ಕೌಂಟರಿಗೆ ಬಂದಾಗ

ಡಿಜಿಟಲ್ ಕಾಲದ ನಾಯಕತ್ವ ಅಂದರೆ ಎಲ್ಲರೂ ಬೆಂಗಳೂರಿನ ಕಂಪನಿಗಳ ಕಡೆ ಬೊಟ್ಟು ಮಾಡುತ್ತಾರೆ. ಶಿರಸ್ತೇದಾರನಾಗಿ ನಿವೃತ್ತನಾದ ನಾನು ಅದನ್ನು ಕಂಡದ್ದು ತಾಲ್ಲೂಕು ಕಚೇರಿಯಲ್ಲಿ, ಪಹಣಿ ಕೊಡುವ ಕಿಟಕಿಯ ಹಿಂದೆ ಕೂತು.

ವಂಶಪಾರಂಪರ್ಯದ ಶಾನುಭೋಗಿಕೆಯನ್ನು 1961ರ ಕಾಯ್ದೆ ತೆಗೆದುಹಾಕಿತ್ತು. ದಫ್ತರ ಗ್ರಾಮಲೆಕ್ಕಿಗರ ಕೈಗೆ ಬಂತು, ದರ್ಬಾರು ಮಾತ್ರ ಹಾಗೇ ಉಳಿಯಿತು. ಆಗ ರಾಜ್ಯಕ್ಕೆಲ್ಲ ಸುಮಾರು 9,000 ಲೆಕ್ಕಿಗರು. ಪಹಣಿಯ 9ನೇ ಕಾಲಮಿನಲ್ಲಿ ಯಾರ ಹೆಸರಿದೆ, 11ರಲ್ಲಿ ಯಾವ ಸಾಲ ಕೂತಿದೆ ಎನ್ನುವುದು ಅವರು ಪುಸ್ತಕ ಬಿಚ್ಚಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಬ್ಯಾಂಕ್ ಸಾಲಕ್ಕೆ ಪಹಣಿ ಬೇಕಾದ ರೈತ ಅವರ ಜಗಲಿ ಕಾಯಬೇಕಿತ್ತು. "ನಾನು ಹೇಳ್ತೀನಿ, ನಾಳೆ ಹೋಗು" ಎಂದು ಆ ಪುಸ್ತಕ ಬಿಚ್ಚಿಸಬಲ್ಲವನೇ ಹೋಬಳಿಯ ಮುಖಂಡನಾಗಿದ್ದ.

2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂತು. ಆಗಿನ 177 ತಾಲ್ಲೂಕುಗಳ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿ ಕಂಪ್ಯೂಟರಿಗೆ ಹತ್ತಿದವು. ಆಗ 15 ರೂಪಾಯಿ ಕೊಟ್ಟರೆ ಪ್ರತಿ ಕೈಗೆ ಬರುತ್ತಿತ್ತು. ಜನ ಹೊಗಳಿದ್ದು ಇದನ್ನೇ. ಆದರೆ ಕೈಬರಹದ ಪಹಣಿ ಚಲಾವಣೆಯಲ್ಲಿಲ್ಲ ಎಂದು ಸರ್ಕಾರ ಹೇಳದೇ ಹೋಗಿದ್ದರೆ ಹಳೇ ಪುಸ್ತಕ ಪಕ್ಕದಲ್ಲೇ ಇನ್ನೊಂದು ದರ್ಬಾರು ನಡೆಸುತ್ತಿತ್ತು, ಅನುಮಾನ ಬೇಡ. ಅದಕ್ಕಿಂತ ದೊಡ್ಡ ಪೆಟ್ಟು ಖಾತೆ ಬದಲಾವಣೆಯ ಅರ್ಜಿಗಳಿಗೆ ಬಂದ ಸರತಿ. ಮೊದಲು ಬಂದದ್ದು ಮೊದಲು. ಬೆರಳಚ್ಚು ಒತ್ತದೆ ಯಾವ ನೌಕರನೂ ಒಳಗೆ ಕೈಯಾಡಿಸುವಂತಿಲ್ಲ. ಮುಖಂಡರು ರೂಢಿಯಂತೆ ಬಂದು, "ಇದೊಂದನ್ನ ಮೇಲಕ್ಕೆ ತಗೊಳ್ಳಿ ಸಾರ್" ಅನ್ನೋರು. "ಇದು ಬಿಡಲ್ಲ ಯಜಮಾನ್ರೆ" ಎಂದು ಕಂಪ್ಯೂಟರಿನ ಕಡೆ ಕೈ ತೋರಿಸುತ್ತಿದ್ದೆವು. ಕೆಲವರು ಸಿಟ್ಟಾಗಿ ಹೋದರು. ನಮ್ಮಲ್ಲೂ ಕೆಲವರ ಮುಖ ಸಣ್ಣದಾಯಿತು ಬಿಡಿ.

ಹಾಗಂತ ಮುಖಂಡರಿಗೆ ಕೆಲಸವೇ ಇಲ್ಲವಾಯಿತೇ? ಅಪ್ಪ ತೀರಿಕೊಂಡು ಪೌತಿ ಖಾತೆ ಆಗಬೇಕಾದಾಗ ಮಕ್ಕಳಲ್ಲಿ ಒಬ್ಬ ತಕರಾರು ಹಾಕಿದರೆ, ಅಣ್ಣತಮ್ಮಂದಿರನ್ನು ಒಂದೆಡೆ ಕೂರಿಸಿ ಮಾತಾಡಿಸುವುದು ತಂತ್ರಾಂಶದಿಂದ ಆಗುವ ಕೆಲಸವಲ್ಲ. ಸರತಿ ಮುರಿಸುವವರ ಬೆಲೆ ಇಳಿಯಿತು, ಅರ್ಜಿ ಯಾರ ಮೇಜಿನಲ್ಲಿ ಯಾಕೆ ನಿಂತಿದೆ ಎಂದು ಬಿಡಿಸಿ ಹೇಳುವವರ ಬೆಲೆ ಏರಿತು. ನಮ್ಮೂರಲ್ಲಿ ಈಗ ಆ ಕೆಲಸ ಮಾಡುವುದು ಒಬ್ಬ ಪಂಚಾಯ್ತಿ ಸದಸ್ಯೆ, ಮೊಬೈಲಿನಲ್ಲೇ ನೋಡಿ ಹೇಳುತ್ತಾಳೆ. ಹಳೇ ಯಜಮಾನರಿಗೆ ಆಕೆಯನ್ನು ಕಂಡರಾಗದು. ಆದರೂ ತಮ್ಮ ಜಮೀನಿನ ಅರ್ಜಿ ಎಲ್ಲಿಗೆ ಬಂತೆಂದು ವಿಚಾರಿಸಲು ಮೊಮ್ಮಗನನ್ನು ಆಕೆಯ ಮನೆಗೇ ಕಳಿಸುತ್ತಾರೆ.