ಮನಸ್ಸಿನ ಕಾಯಿಲೆಗೆ ಮಾತಿನ ಚಿಕಿತ್ಸೆ



ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಹಳದಿ ಎಲೆ ರೋಗಕ್ಕೆ ಆ ಮದ್ದು ನಾಟದು. ರೋಗವನ್ನರಿತು ಚಿಕಿತ್ಸೆ ಮಾಡಬೇಕು. ಮನಸ್ಸಿನ ಕಾಯಿಲೆಗೂ ಇದೇ ಮಾತು ಸಲ್ಲುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಹಳದಿ ಎಲೆ ರೋಗದಿಂದ ತೋಟ ಕಳೆದುಕೊಂಡವರುಂಟು. ಚಿಂತೆಯಿಂದ ನಿದ್ದೆ, ಊಟ, ಕೆಲಸದ ಆಸಕ್ತಿ ಎರಡು ವಾರ ಮೀರಿ ಕೆಟ್ಟಿದ್ದರೆ ಅದು ಸೋಮಾರಿತನವಲ್ಲ, ಗಾಳಿಸೋಂಕೂ ಅಲ್ಲ. ಖಿನ್ನತೆ ಎಂಬ ಕಾಯಿಲೆಯಿರಬಹುದು.

ಮಾತಿನ ಚಿಕಿತ್ಸೆಯ ಮುಖ್ಯ ಬಗೆಗಳು ಹೀಗಿವೆ:

1. ಮನೋವಿಶ್ಲೇಷಣೆ: ವಿಯೆನ್ನಾದ ವೈದ್ಯ ಫ್ರಾಯ್ಡ್ ತೋರಿದ ದಾರಿ. ಒಳಗೆ ಹುದುಗಿದ ಹಳೆಯ ನೋವನ್ನು ಮಾತಿನಿಂದ ಹೊರತರುವುದು. ಇದಕ್ಕೆ ಬಹಳ ಕಾಲ ಹಿಡಿಯುತ್ತದೆ.

2. ವರ್ತನಾ ಚಿಕಿತ್ಸೆ: ಅಂಜುವ ಕೆಲಸವನ್ನು ಮೆಟ್ಟಿಲು ಮೆಟ್ಟಿಲಾಗಿ ಮಾಡಿಸುವುದು. ಬಸ್ಸಿಗೆ ಹೆದರುವವರು ಮೊದಲು ನಿಲ್ದಾಣಕ್ಕೆ ಹೋಗಿಬರಬೇಕು, ಆಮೇಲೆ ನಿಂತ ಬಸ್ಸಿನಲ್ಲಿ ಕೂರಬೇಕು, ಕೊನೆಗೆ ಪ್ರಯಾಣ.

3. ಆಲೋಚನೆ ತಿದ್ದುವ ಚಿಕಿತ್ಸೆ: 1960ರ ದಶಕದಲ್ಲಿ ಅಮೆರಿಕದ ವೈದ್ಯ ಆರನ್ ಬೆಕ್ ರೂಪಿಸಿದ್ದು. 'ತೋಟ ಹೋಯಿತು, ಇನ್ನು ನಾನು ಯಾತಕ್ಕೂ ಬಾರದವನು' ಎಂಬ ಎಣಿಕೆ ನಿಜವೇ ಎಂದು ರೋಗಿಯೇ ಪರೀಕ್ಷಿಸಿ ನೋಡುವಂತೆ ಮಾಡುವುದು.

4. ಕುಟುಂಬ ಚಿಕಿತ್ಸೆ: ಮನೆಯವರನ್ನೂ ಜೊತೆಗೆ ಕೂರಿಸಿ ಮಾತಾಡುವುದು. ಒಂದು ಚುಚ್ಚುಮಾತು ಕಡಿಮೆಯಾದರೂ ರೋಗಿಗೆ ಗುಣ.

ಕಾಯಿಲೆ ಬಲವಾಗಿದ್ದರೆ ಮಾತ್ರೆಯೂ ಬೇಕು; ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಕೂಡದು.

ಬೆಂಗಳೂರಿನ ನಿಮ್ಹಾನ್ಸ್ 1974ರಿಂದ ಇಂಥ ಚಿಕಿತ್ಸೆ ನೀಡುತ್ತಿದೆ. ಅಷ್ಟು ದೂರ ಹೋಗಲಾಗದವರು ಟೆಲಿ ಮಾನಸ್‌ನ 14416ಕ್ಕೆ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಯಾರಾದರೂ ಸಾಯುವ ಮಾತಾಡಿದರೆ ಹಗುರವಾಗಿ ತಿಳಿಯಬೇಡಿ. ಅವರನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮನೆಯಲ್ಲಿರುವ ಕ್ರಿಮಿನಾಶಕದ ಡಬ್ಬಿಗಳನ್ನು ಅಂದೇ ಬೀಗದೊಳಗಿಡಿ.

— ಗ್ರಾಮಸೇವಕ