ಮೂರು ತಿಂಗಳ ಪ್ರತಿಜ್ಞೆ

ಕುಡಿತಕ್ಕೆ ದಾಸನಾದ ಮಗನನ್ನೋ ಗಂಡನನ್ನೋ ಕರೆತಂದು, ಪೀಠದ ಮುಂದೆ ಜೀವಮಾನದ ಆಣೆ ಇಡಿಸಿರೆಂದು ನಮ್ಮನ್ನು ಕೇಳುವ ಮನೆಯವರು ಅನೇಕರು. ಅಂಥವರಿಗೆ ನಾವು ಡಬ್ಲಿನ್ ನಗರದ ಮ್ಯಾಟ್ ಟಾಲ್ಬಟ್‌ನ ಕಥೆ ಹೇಳುವುದುಂಟು.

1856ರಲ್ಲಿ ಜನಿಸಿದ ಈ ಕೂಲಿಕಾರ ಹನ್ನೆರಡರ ಪ್ರಾಯದಲ್ಲೇ ಮದ್ಯವ್ಯಾಪಾರಿಗಳ ಮಳಿಗೆಗೆ ಸೇರಿ ಕುಡಿಯಲು ಕಲಿತ. ದುಡಿದುದೆಲ್ಲ ಪಡಖಾನೆಯ ಪಾಲಾಯಿತು. ಬೂಟುಗಳನ್ನೂ ಅಡವಿಟ್ಟ. ಗೆಳೆಯರೊಡನೆ ಸೇರಿ ಬೀದಿಯ ಪಿಟೀಲುಗಾರನೊಬ್ಬನ ಪಿಟೀಲನ್ನೂ ಕದ್ದು ಮಾರಿದ. 1884ರಲ್ಲಿ ಒಂದು ದಿನ ಕಾಸಿಲ್ಲದೆ ಪಡಖಾನೆಯ ಹೊರಗೆ ನಿಂತವನನ್ನು ಆ ಗೆಳೆಯರಾರೂ ಒಳಗೆ ಕರೆಯಲಿಲ್ಲ. ಮನೆಗೆ ಮರಳಿದವನು ಪ್ರತಿಜ್ಞೆ ಕೈಗೊಳ್ಳುವೆನೆಂದು ತಾಯಿಗೆ ಹೇಳಿದ. ಕೈಗೊಂಡದ್ದು ಮೂರೇ ತಿಂಗಳಿಗೆ! ಬಳಿಕ ಆರು ತಿಂಗಳಿಗೆ, ಕೊನೆಗೆ ಆಜೀವಪರ್ಯಂತ. 1925ರಲ್ಲಿ ಬಲಿಪೂಜೆಗೆ ಹೋಗುವ ದಾರಿಯಲ್ಲಿ ಕುಸಿದು ಸಾಯುವವರೆಗೂ ಆತ ಮದ್ಯ ಮುಟ್ಟಲಿಲ್ಲ. 1975ರಲ್ಲಿ ಧರ್ಮಸಭೆ ಅವನನ್ನು ‘ಪೂಜನೀಯ’ನೆಂದು ಸಾರಿತು.

ತಿಳಿದೂ ತಪ್ಪುವ ಮನಸ್ಸಿನ ದೌರ್ಬಲ್ಯವನ್ನು ಅರಿಸ್ಟಾಟಲ್ ವಿವೇಚಿಸಿದ್ದಾನೆ. ಗುರುಮಠದಲ್ಲಿ ಓದುವಾಗ ನಮಗೆ ಅಷ್ಟೇ ಸಾಕೆನಿಸಿತ್ತು, ಈಗ ಸಾಲದು. ದೀರ್ಘಕಾಲದ ಕುಡಿತ ಮಿದುಳಿನ ವ್ಯಾಪಾರವನ್ನೇ ಮಾರ್ಪಡಿಸುತ್ತದೆ. ಮಿತಿಮೀರಿ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ನಡುಕ, ಭ್ರಮೆ, ಸೆಳವು ಉಂಟಾಗಿ ಪ್ರಾಣಾಪಾಯವೂ ಒದಗಬಹುದು. ಆದುದರಿಂದ ಪೀಠಕ್ಕೆ ಮೊದಲು ವೈದ್ಯರಲ್ಲಿಗೆ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘದವರಂತೂ ಮೂರು ತಿಂಗಳನ್ನೂ ಕೇಳುವುದಿಲ್ಲ. ಇಂದಿನ ಒಂದು ದಿನ ಕುಡಿಯದಿರು ಎನ್ನುತ್ತಾರೆ. ಜೀವಮಾನದ ಆಣೆ ಮೊದಲ ವಾರವೇ ಮುರಿದಾಗ, ಅವನಿಗಿಂತ ಮನೆಯವರೇ ಬೇಗ ಕೈಚೆಲ್ಲುವುದನ್ನು ನಾವು ಕಂಡಿದ್ದೇವೆ.

ಟಾಲ್ಬಟ್ ಆ ಪಿಟೀಲುಗಾರನನ್ನು ಊರೆಲ್ಲ ಹುಡುಕಿದ, ಸಿಗಲಿಲ್ಲ. ಪಿಟೀಲಿನ ಬೆಲೆಯನ್ನು ಅವನ ಆತ್ಮಕ್ಕಾಗಿ ಬಲಿಪೂಜೆ ಅರ್ಪಿಸಲು ಕೊಟ್ಟ.