ನಗೆಯ ಪಾತ್ರದಿಂದ ನೋವಿನ ಪಾತ್ರಕ್ಕೆ: ವೈಜನಾಥ ಬಿರಾದಾರ ಅವರ ಅಭಿನಯ

ಕರ್ನಾಟಕದ ಈಶಾನ್ಯ ಭಾಗವು ಜನಪದ ರಂಗಕಲೆಗಳ ದೃಷ್ಟಿಯಿಂದ ಸಮೃದ್ಧವಾದ ಪ್ರದೇಶ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅಂದಿನ ಮೈಸೂರು ರಾಜ್ಯವನ್ನು ಸೇರಿದವು. ಹೈದರಾಬಾದ್ ಕರ್ನಾಟಕವೆಂದು ಬಹುಕಾಲ ಕರೆಯಿಸಿಕೊಂಡ ಈ ಪ್ರದೇಶಕ್ಕೆ 2019ರಲ್ಲಿ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಿತು. ಉರ್ದು, ಮರಾಠಿ, ತೆಲುಗು ಭಾಷೆಗಳ ಒಡನಾಟದಲ್ಲಿ ಬೆಳೆದ ಇಲ್ಲಿನ ಕನ್ನಡಕ್ಕೆ ತನ್ನದೇ ಆದ ಲಯವಿದೆ, ಕಸುವಿದೆ. ಆದರೆ ಕನ್ನಡ ಚಲನಚಿತ್ರವು ಈ ನುಡಿಯನ್ನು ಹೆಚ್ಚಾಗಿ ನಗೆಯ ಸರಕನ್ನಾಗಿ ಬಳಸಿಕೊಂಡಿತು. ಈ ನುಡಿಯನ್ನಾಡುವವನು ತೆರೆಯ ಮೇಲೆ ಆಳು, ಭಿಕ್ಷುಕ ಅಥವಾ ಕುಡುಕನಾಗಿ ಬಂದುಹೋಗುವುದೇ ರೂಢಿಯಾಯಿತು. ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ತೇಗಂಪುರದಿಂದ ಬಂದ ವೈಜನಾಥ ಬಿರಾದಾರ ಅವರ ವೃತ್ತಿಜೀವನವು ಈ ರೂಢಿಗೂ, ಅದನ್ನು ಮೀರಿದ ಸಾಧನೆಗೂ ಏಕಕಾಲದಲ್ಲಿ ನಿದರ್ಶನವಾಗಿದೆ. ಅವರ ಅಭಿನಯದ ಬೇರುಗಳನ್ನು ಜನಪದ ರಂಗಪರಂಪರೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪರಂಪರೆಯಲ್ಲಿ ನಗೆಗಾರ

ಜನಪದ ರಂಗಭೂಮಿಯಲ್ಲಿ ಹಾಸ್ಯಗಾರನು ಕೇವಲ ನಗಿಸುವವನಲ್ಲ. ದೊಡ್ಡಾಟದಲ್ಲಿ ರಾಜನಾಗಲಿ ರಾಕ್ಷಸನಾಗಲಿ ರಂಗಕ್ಕೆ ಬಂದೊಡನೆ ಅವನನ್ನು ತಡೆದು ಊರು, ಹೆಸರು, ಬಂದ ಕಾರಣಗಳನ್ನು ಕೇಳುವವನು ಸಾರಥಿ. ದೊಡ್ಡವರನ್ನು ಪ್ರಶ್ನಿಸುವ ಅಧಿಕಾರ ಅವನಿಗೆ ಅವನ ನಗೆಯಿಂದಲೇ ದೊರೆತಿದೆ. ತೊಗಲುಗೊಂಬೆಯಾಟದಲ್ಲಿ ರಾಮಾಯಣದ ಗಂಭೀರ ಪ್ರಸಂಗದ ನಡುವೆ ಕಿಳ್ಳಿಕ್ಯಾತ ಮತ್ತು ಬಂಗಾರಕ್ಕ ಬಂದು ಇಂದಿನ ಊರಿನ ಮಾತನ್ನಾಡುತ್ತಾರೆ. ದೇವತೆಗಳು ಗ್ರಂಥಸ್ಥ ಭಾಷೆಯಲ್ಲಿ ಮಾತನಾಡಿದರೆ ಈ ಜೋಡಿ ಆಡುವುದು ನೋಡುಗರ ಮನೆಮಾತನ್ನು. ಹೀಗೆ ನಗೆಯ ಪಾತ್ರವೇ ಆಟವನ್ನು ಊರಿಗೆ ಕಟ್ಟಿಹಾಕುವ ಕೊಂಡಿಯಾಗಿರುವುದು ಗಮನಾರ್ಹ.

ಈ ಪರಂಪರೆಯು ಬಯಲಾಟದೊಂದಿಗೆ ಮುಗಿಯಲಿಲ್ಲ. ಸಾಮಾಜಿಕ ನಾಟಕಗಳಲ್ಲಿಯೂ ಮುಂದುವರಿಯಿತು. ಸಿಂಧನೂರು ತಾಲ್ಲೂಕಿನ ಸಾಲಗುಂದದಿಂದ ಹಿಡಿದು ಬೀದರದ ಗಡಿಗ್ರಾಮಗಳವರೆಗೆ ಹರಡಿರುವ ಈ ಸೀಮೆಯಲ್ಲಿ ಜಾತ್ರೆ, ಉರುಸು, ಹಬ್ಬಗಳ ಸಂದರ್ಭದಲ್ಲಿ ಊರವರೇ ಕೂಡಿ ನಾಟಕವಾಡುವ ಪದ್ಧತಿಯಿದೆ. ಪೇಟಿ ಮಾಸ್ತರರು ಹಾಡು, ಮಾತುಗಳ ತಾಲೀಮು ಮಾಡಿಸುತ್ತಾರೆ. ಸೀನರಿಯನ್ನು ಬಾಡಿಗೆಗೆ ತರಲಾಗುತ್ತದೆ. ಸ್ತ್ರೀಪಾತ್ರಗಳಿಗೆ ಪರಸ್ಥಳಗಳಿಂದ ಕಲಾವಿದೆಯರನ್ನು ಕರೆಸುತ್ತಾರೆ. ಇಂಥ ನಾಟಕಗಳ ಕಥೆಯಲ್ಲಿ ಸಾಮಾನ್ಯವಾಗಿ ಒಬ್ಬ ಗೌಡ ಅಥವಾ ಸಾಹುಕಾರನಿರುತ್ತಾನೆ. ಅವನ ಮನೆಯಲ್ಲಿ ಒಬ್ಬ ಆಳುಮಗನಿರುತ್ತಾನೆ. ಗೌಡನ ಎದುರು ಕೈಕಟ್ಟಿ ನಿಂತು, ಅವನ ಮಾತಿಗೆ ಇನ್ನೊಂದರ್ಥ ಹಚ್ಚಿ ತಿರುಗುತ್ತರ ಕೊಡುವ ಆಳಿನ ಪಾತ್ರಕ್ಕೆ ಚಪ್ಪಾಳೆ ಬೀಳುತ್ತದೆ. ಹಗಲು ಹೊಲದಲ್ಲಿ ಆಡಲಾಗದ ಮಾತು ರಾತ್ರಿ ರಂಗದ ಮೇಲೆ ನಗೆಯ ಮರೆಯಲ್ಲಿ ಹೊರಬರುತ್ತದೆ. ಈ ಪಾತ್ರವು ಸಾರಥಿ ಮತ್ತು ಕಿಳ್ಳಿಕ್ಯಾತರ ವಂಶಕ್ಕೆ ಸೇರಿದುದೆಂದು ಹೇಳಬಹುದು.

ರಂಗದಿಂದ ತೆರೆಗೆ

ವೈಜನಾಥ ಬಿರಾದಾರ ಅವರು ಈ ರಂಗಸಂಸ್ಕಾರದಿಂದ ಬಂದ ನಟ. ಎಂ.ಎಸ್. ಸತ್ಯು ಅವರು ಯು.ಆರ್. ಅನಂತಮೂರ್ತಿಯವರ ಕಥೆಯನ್ನಾಧರಿಸಿ ನಿರ್ದೇಶಿಸಿದ 'ಬರ' ಚಿತ್ರದ ಮೂಲಕ ಅವರು ಚಿತ್ರರಂಗವನ್ನು ಪ್ರವೇಶಿಸಿದರು. ಬರಪೀಡಿತ ಜಿಲ್ಲೆಯೊಂದರ ಆಡಳಿತ, ರಾಜಕಾರಣ ಮತ್ತು ಜನಸಾಮಾನ್ಯರ ಬವಣೆಯನ್ನು ನಿರೂಪಿಸುವ ಚಿತ್ರವದು. ಬಿಸಿಲನಾಡಿನ ಕಲಾವಿದನೊಬ್ಬನ ತೆರೆಯ ಬದುಕು ಬರಗಾಲದ ಕಥೆಯಿಂದ ಆರಂಭವಾದುದು ಅರ್ಥಪೂರ್ಣವಾಗಿದೆ.

ತರುವಾಯದ ದಶಕಗಳಲ್ಲಿ ಅವರು ನೂರಾರು ಚಿತ್ರಗಳಲ್ಲಿ ಕಾಣಿಸಿಕೊಂಡರು. ಕೃಶವಾದ ಮೈಕಟ್ಟು, ಬಿಸಿಲುಂಡ ಮುಖ, ಎಳೆದಾಡುವ ಮಾತಿನ ಧಾಟಿ ಇವುಗಳನ್ನು ಚಿತ್ರರಂಗ ಒಂದೇ ಅಚ್ಚಿಗೆ ಹೊಯ್ದಿತು. ಭಿಕ್ಷುಕನ ಪಾತ್ರ, ಕುಡುಕನ ಪಾತ್ರ, ಒಂದೆರಡು ದೃಶ್ಯಗಳಲ್ಲಿ ನಗಿಸಿ ಮರೆಯಾಗುವ ಪಾತ್ರ ಇವೇ ಅವರ ಪಾಲಿಗೆ ಮತ್ತೆ ಮತ್ತೆ ಬಂದವು. ಸಣ್ಣ ಪಾತ್ರವನ್ನೂ ನೋಡುಗರ ನೆನಪಿನಲ್ಲಿ ಉಳಿಸಬಲ್ಲ ಶಕ್ತಿ ಅವರಲ್ಲಿತ್ತೆಂಬುದು ನಿಜ. ಆದರೆ ಊರ ನಾಟಕದ ಆಳುಮಗನಿಗೆ ಇದ್ದ ತಿರುಗುತ್ತರದ ಹಕ್ಕು ತೆರೆಯ ಮೇಲಿನ ಭಿಕ್ಷುಕನಿಗೆ ಉಳಿಯಲಿಲ್ಲ. ರಂಗದಲ್ಲಿ ನಗೆಗಾರನು ದೊಡ್ಡವರನ್ನು ಕುರಿತು ನಗಿಸುತ್ತಿದ್ದನು. ಚಿತ್ರದಲ್ಲಿ ಜನರು ನಗೆಗಾರನನ್ನೇ ಕುರಿತು ನಗತೊಡಗಿದರು. ಇದು ಒಬ್ಬ ನಟನ ಸಮಸ್ಯೆಯಷ್ಟೇ ಅಲ್ಲ. 'ಬಂದಾನ', 'ಮಾಡ್ಯಾನ' ಎಂಬ ಕ್ರಿಯಾಪದಗಳನ್ನು ಕೇಳಿದೊಡನೆ ನಗಲು ಅಣಿಯಾಗುವ ಪ್ರೇಕ್ಷಕ ವರ್ಗವೊಂದು ಸಿದ್ಧವಾದಾಗ, ಆ ನುಡಿಯನ್ನು ತಾಯಿನುಡಿಯಾಗಿ ಉಳ್ಳ ಜನರ ದುಃಖವೂ ಗಂಭೀರವಾಗಿ ಕೇಳಿಸದಾಗುತ್ತದೆ.

'ಕನಸೆಂಬೋ ಕುದುರೆಯನೇರಿ'

ಈ ಅಚ್ಚನ್ನು ಮುರಿದುದು ಗಿರೀಶ ಕಾಸರವಳ್ಳಿಯವರ 'ಕನಸೆಂಬೋ ಕುದುರೆಯನೇರಿ'. ರಾಯಚೂರು ಸೀಮೆಯ ಬದುಕನ್ನು ತಮ್ಮ ಕಥೆಗಳ ಕೇಂದ್ರವಾಗಿಸಿಕೊಂಡ ಅಮರೇಶ ನುಗಡೋಣಿಯವರ 'ಸವಾರಿ' ಕಥೆ ಇದಕ್ಕೆ ಆಧಾರ. 2009ನೆಯ ಸಾಲಿನ 57ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಇದು ಅತ್ಯುತ್ತಮ ಕನ್ನಡ ಚಿತ್ರವೆನಿಸಿತು. ಗೋಪಾಲಕೃಷ್ಣ ಪೈ ಮತ್ತು ಕಾಸರವಳ್ಳಿಯವರಿಗೆ ಚಿತ್ರಕಥೆಗಾಗಿ ಪ್ರಶಸ್ತಿ ಸಂದಿತು.

ಕಥಾನಾಯಕ ಈರ್ಯಾ ಕುಣಿ ತೋಡುವವನು. ಶವವನ್ನು ಹೂಳುವ ಸಂಪ್ರದಾಯವುಳ್ಳ ಸಮುದಾಯಗಳಿರುವ ಊರಿನಲ್ಲಿ ಕುಣಿ ತೋಡುವ ಕಾಯಕಕ್ಕೆ ಆಚರಣೆಯ ಮಹತ್ವವಿದೆ. ಕನಸಿನಲ್ಲಿ ಸಿದ್ಧ ಕಾಣಿಸಿಕೊಂಡರೆ ಊರಲ್ಲೊಂದು ಸಾವು ಸಂಭವಿಸುತ್ತದೆಂಬುದು ಈರ್ಯಾ ಮತ್ತು ಅವನ ಹೆಂಡತಿ ರುದ್ರಿಯ ನಂಬಿಕೆ. ಅದೊಂದು ದಿನ ಸಿದ್ಧ ಕಾಣಿಸಿಕೊಳ್ಳುತ್ತಾನೆ. ಕಾಯಿಲೆಯಲ್ಲಿದ್ದ ಊರ ಗೌಡನೇ ತೀರಿಕೊಂಡನೆಂದು ಈರ್ಯಾ ವಾಡೆಗೆ ಧಾವಿಸುತ್ತಾನೆ. ಗೌಡ ಸತ್ತಿರುವುದು ನಿಜ. ಆದರೆ ವ್ಯವಹಾರದ ಕಾರಣಕ್ಕೆ ಮನೆಯವರು ಅದನ್ನು ಮುಚ್ಚಿಟ್ಟಿರುತ್ತಾರೆ. ಕನಸು ಸುಳ್ಳಾಯಿತೆಂದು ಈರ್ಯಾ ಕುಸಿಯುತ್ತಾನೆ. ಒಂದೇ ಘಟನೆಯನ್ನು ಒಮ್ಮೆ ಗುಡಿಸಲಿನ ಕಡೆಯಿಂದ, ಮತ್ತೊಮ್ಮೆ ವಾಡೆಯ ಕಡೆಯಿಂದ ತೋರಿಸುವ ಈ ಚಿತ್ರವು ಯಾರ ಸತ್ಯಕ್ಕೆ ಬೆಲೆಯಿದೆಯೆಂಬ ಪ್ರಶ್ನೆಯನ್ನು ಎತ್ತುತ್ತದೆ.

ಜಾನಪದ ಅಧ್ಯಯನದಲ್ಲಿ ಕನಸು, ಶಕುನಗಳನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದಿಲ್ಲ. ಅವು ಒಂದು ಸಮುದಾಯ ಲೋಕವನ್ನು ಅರಿಯುವ ಬಗೆಗಳು. ಈರ್ಯಾನಿಗೆ ಕನಸು ಅವನ ಏಕೈಕ ಆಸ್ತಿ. ಭೂಮಿಯಿಲ್ಲದವನಿಗೆ, ಅಕ್ಷರವಿಲ್ಲದವನಿಗೆ ಊರಿನಲ್ಲಿ ಸ್ಥಾನ ದೊರಕಿಸಿಕೊಟ್ಟ ಅರಿವು ಅದು. ವಾಡೆಯ ಒಂದು ಸುಳ್ಳು ಆ ಆಸ್ತಿಯನ್ನೇ ಕಸಿದುಕೊಳ್ಳುತ್ತದೆ.

ಈರ್ಯಾನಾಗಿ ಬಿರಾದಾರ, ರುದ್ರಿಯಾಗಿ ಉಮಾಶ್ರೀ ಅಭಿನಯಿಸಿದ್ದಾರೆ. ಇಬ್ಬರೂ ಚಿತ್ರರಂಗದಲ್ಲಿ ಬಹುಕಾಲ ಹಾಸ್ಯಕ್ಕೆ ಮೀಸಲಾಗಿದ್ದ ಕಲಾವಿದರೆಂಬುದು ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಅಂಶ. ದೇವನೂರ ಮಹಾದೇವ ಅವರ 'ಒಡಲಾಳ'ದ ರಂಗರೂಪದಲ್ಲಿ ಸಾಕವ್ವನಾಗಿ ಹೆಸರು ಮಾಡಿದ್ದ ಉಮಾಶ್ರೀಯವರ ಗಂಭೀರ ಸಾಮರ್ಥ್ಯವನ್ನು ಚಿತ್ರರಂಗ ಪೂರ್ಣವಾಗಿ ಗುರುತಿಸಿದುದು ಬಹಳ ತಡವಾಗಿ. ಕಾಸರವಳ್ಳಿಯವರದೇ ಆದ 'ಗುಲಾಬಿ ಟಾಕೀಸು' (2008) ಚಿತ್ರಕ್ಕೆ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ದೊರೆಯಿತು. ಬಿರಾದಾರ ಅವರಿಗೆ ಈರ್ಯಾನ ಪಾತ್ರಕ್ಕಾಗಿ ಸ್ಪೇನ್ ದೇಶದ ಮ್ಯಾಡ್ರಿಡ್‌ನಲ್ಲಿ ನಡೆಯುವ ಇಮ್ಯಾಜಿನ್ ಇಂಡಿಯಾ ಚಲನಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಸಂದಿತು. ಕನ್ನಡವನ್ನೇ ಅರಿಯದ ಪ್ರೇಕ್ಷಕರಿಗೆ ಆ ನುಡಿ ನಗೆಯಾಗಿ ಕೇಳಿಸುವ ಸಂಭವವೇ ಇರಲಿಲ್ಲ. ಅವರು ಮನುಷ್ಯನೊಬ್ಬನ ಸಂಕಟವನ್ನು ಮಾತ್ರ ಕಂಡರು.

ನಾಟಕದ ಆಳುಮಗ ಮತ್ತು ಈರ್ಯಾ ಇಬ್ಬರೂ ಗೌಡನ ಬಾಗಿಲಲ್ಲಿ ನಿಂತವರೇ. ಆಳುಮಗನಿಗೆ ತಿರುಗುತ್ತರವಿದೆ, ಈರ್ಯಾನಿಗೆ ಅದಿಲ್ಲ. ಮಾತಿನ ಚಾತುರ್ಯವನ್ನೇ ಬಂಡವಾಳವಾಗಿ ಉಳ್ಳ ನಟನೊಬ್ಬನು ಆ ಚಾತುರ್ಯವನ್ನು ಕೆಳಗಿಟ್ಟು ನಿಲ್ಲುವುದರಲ್ಲಿಯೇ ಈ ಅಭಿನಯದ ಹಿರಿಮೆಯಿದೆ.

ಸಮಾರೋಪ

ಪ್ರಶಸ್ತಿಯ ಅನಂತರ ಬಿರಾದಾರ ಅವರ ಪಾಲಿನ ಪಾತ್ರಗಳು ಒಮ್ಮೆಗೇ ಬದಲಾಗಲಿಲ್ಲ. 2023ರಲ್ಲಿ ತೆರೆಕಂಡ '90 ಬಿಡಿ ಮನೀಗ್ ನಡಿ' ಅವರ 500ನೆಯ ಚಿತ್ರವೆಂದು ಪ್ರಚಾರಗೊಂಡಿತು. ಅದರಲ್ಲಿ ಅವರದು ಮುಖ್ಯಪಾತ್ರ. ಶೀರ್ಷಿಕೆಯೇ ಉತ್ತರ ಕರ್ನಾಟಕದ ನುಡಿಯಲ್ಲಿದೆ. ಅದರಲ್ಲಿ ಹಳೆಯ ಕುಡುಕನ ಪಾತ್ರದ ನೆರಳೂ ಇದೆ. ಅಂದರೆ ಆ ನುಡಿಯು ಪೋಷಕ ಪಾತ್ರದ ಮೂಲೆಯಿಂದ ಚಿತ್ರದ ಹೆಸರಿನವರೆಗೆ ಬಂದಿದೆ. ನಗೆಯ ಚೌಕಟ್ಟನ್ನು ಇನ್ನೂ ಪೂರ್ತಿ ದಾಟಿಲ್ಲ.

ಚಿತ್ರರಂಗ ತಲುಪಿದವರ ಹೆಸರಾದರೂ ಉಳಿಯುತ್ತದೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಭಾಗದ ಊರೂರುಗಳಲ್ಲಿ ಜಾತ್ರೆಯ ರಾತ್ರಿ ಆಳುಮಗನ ಪಾತ್ರ ಕಟ್ಟಿ, ಬೆಳಗಾದೊಡನೆ ಭತ್ತದ ಗದ್ದೆಗೆ ಮರಳುವ ನಗೆಗಾರರ ಹೆಸರು ಉಳಿಯುವುದಿಲ್ಲ. ಅವರ ತಿರುಗುತ್ತರಗಳು ಅಚ್ಚಾದ ನಾಟಕದ ಪುಸ್ತಕದಲ್ಲಿ ಸಿಗುವುದಿಲ್ಲ. ಅವು ಆಯಾ ಊರಿನ, ಆಯಾ ರಾತ್ರಿಯ ಸೃಷ್ಟಿ. ಹಾಡು, ತ್ರಿಪದಿ, ಲಾವಣಿಗಳನ್ನು ಸಂಗ್ರಹಿಸಿದಷ್ಟು ಶ್ರದ್ಧೆಯಿಂದ ಈ ಹಾಸ್ಯದ ಮಾತುಗಳನ್ನು ಧ್ವನಿಮುದ್ರಿಸಿ ದಾಖಲಿಸುವ ಕಾರ್ಯ ಕೈಗೊಂಡಲ್ಲಿ, ಬಿರಾದಾರರಂಥ ನಟರು ಯಾವ ನೆಲದಿಂದ ಎದ್ದುಬಂದರೆಂಬುದು ಸ್ಪಷ್ಟವಾದೀತು. ಈರ್ಯಾನ ಮೌನದ ಹಿಂದೆ ಎಷ್ಟು ಮಾತಿತ್ತೆಂಬುದೂ ಆಗ ತಿಳಿದೀತು.